ಏಳನೇ ನಂಬರ್ ಅಂಗಡಿಯ ಮೊಳೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಪಳಗಿದ ಕೈಗೆ ಒಂದು ಹಿಡಿ ಮಾಲು ಸಾಕು, ದರ್ಜೆ ಹೇಳಿಬಿಡುತ್ತದೆ. ಸರಕು ಎನ್ನುವ ದರ್ಜೆ ಎಲ್ಲಕ್ಕಿಂತ ಮೇಲು, ಆಮೇಲೆ ಬೆಟ್ಟೆ, ಆಮೇಲೆ ರಾಶಿ, ಯಾವುದಕ್ಕೂ ಸೇರದೆ ಕೊನೆಗೆ ಉಳಿದದ್ದು ಗೊರಬಲು. ಮೂರ್ತಪ್ಪನ ಅಪ್ಪ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಮಗನಿಗೆ ಮಂಡಿ ಸಿಗಲಿಲ್ಲ, ಚಾಳಿ ಮಾತ್ರ ಸಿಕ್ಕಿತು. ಸ್ಟೇಡಿಯಂ ಗ್ಯಾಲರಿಯ ಅಡಿಯ ಏಳನೇ ನಂಬರ್ ಮಳಿಗೆಯಲ್ಲಿ ಚೆಂಡು, ಬ್ಯಾಟು, ವಿಸಿಲ್ಲು, ಬಹುಮಾನದ ಕಪ್ಪು ಮಾರುತ್ತ ಕೂತವನು, ಕೈಗೆ ಅಡಿಕೆ ಇಲ್ಲದ್ದಕ್ಕೆ ಎದುರಿಗೆ ಹೋಗಿಬರುವ ಮನುಷ್ಯರಿಗೇ ದರ್ಜೆ ಹಾಕುತ್ತಿದ್ದ. ದ್ಯಾಮಮ್ಮನನ್ನು ಕಂಡ ಮೊದಲ ದಿನವೇ ತೀರ್ಮಾನಿಸಿದ: ಗೊರಬಲು.

ತೂಕ ನಲವತ್ತೆರಡು ಕೆಜಿ, ಅದರಲ್ಲಿ ಎರಡು ಕೆಜಿ ಸುಣ್ಣ. ಎತ್ತರ ಹರ್ಡಲ್ಸ್ ಹಲಗೆಗಿಂತ ಎರಡು ಗೇಣು ಜಾಸ್ತಿ. ಸೀರೆಯ ಮೇಲೆ ಗಂಡನ ಹಳೇ ಶರ್ಟು, ಕಾಲಿಗೆ ಬೇರೆ ಬೇರೆ ಜೊತೆಯಿಂದ ಉಳಿದುಕೊಂಡ ಎರಡು ಚಪ್ಪಲಿ. ಮೊಣಕಾಲಿನವರೆಗೆ ಬಿಳಿ, ಅಲ್ಲಿಂದ ಮೇಲೆ ಬೂದಿಬಣ್ಣ. ಹೊರಗಿನ ನೋಟಕ್ಕೆ ಗಿರಾಕಿ ಹುಟ್ಟುವ ಮಾಲಲ್ಲ. ಒಳಗೆ ಏನಿದೆ ಎಂದು ಒಡೆದು ನೋಡುವ ಕಷ್ಟವನ್ನು ಮೂರ್ತಪ್ಪ ಇಪ್ಪತ್ತೆರಡು ವರ್ಷ ತೆಗೆದುಕೊಳ್ಳಲಿಲ್ಲ.

ಆಕೆ ದಿನಾ ಭದ್ರಾವತಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಗಂಡ ಗೋವಿಂದಯ್ಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಕೆಲಸ ವಾರಕ್ಕೆ ಆರು ದಿನ ಇದ್ದದ್ದು ಮೂರಕ್ಕಿಳಿದು, ಆಮೇಲೆ ಕರೆದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವಂತಾದಾಗ, ಹೆಂಡತಿ ಇಲ್ಲಿ ಕಸ ಗುಡಿಸುವವಳಾಗಿ ಸೇರಿದಳು. ಹಾಜರಿ ಪುಸ್ತಕದಲ್ಲಿ ಕೊನೆಯ ದಿನದವರೆಗೂ ‘ಸ್ವೀಪರ್, ತಾತ್ಕಾಲಿಕ’ ಎಂದೇ ಇತ್ತು. ಈ ದೇಶದಲ್ಲಿ ತಾತ್ಕಾಲಿಕದಷ್ಟು ಗಟ್ಟಿಯಾದದ್ದು ಮತ್ತೊಂದಿಲ್ಲ. ಕ್ರೀಡಾಂಗಣ ಸಮಿತಿಗೆ ನಾಲ್ಕು ಅಧ್ಯಕ್ಷರು ಬಂದು ಹೋದರು, ದ್ಯಾಮಮ್ಮ ತಾತ್ಕಾಲಿಕವಾಗಿಯೇ ಉಳಿದಳು.

ಸ್ಟೇಡಿಯಂ ಎಂದರೆ ಅದೂ ಹೇಳಿಕೊಳ್ಳುವಂಥದ್ದಲ್ಲ. ಗೇಟಿನ ಮೇಲೆ ಯಾರೋ ಮಹನೀಯರ ಹೆಸರು ಸಿಮೆಂಟಿನಲ್ಲಿದೆ. ಅಕ್ಷರ ಉದುರಿ ಉದುರಿ ಈಗ ಅವರವರಿಗೆ ಬೇಕಾದವರ ಹೆಸರನ್ನು ಓದಿಕೊಳ್ಳಬಹುದು. ಜನ ಕರೆಯುವುದು ಬೂದಿ ಸ್ಟೇಡಿಯಂ ಎಂದು. ಮಲವಗೊಪ್ಪದ ಕಡೆಯ ರಸ್ತೆಯಲ್ಲಿ ಹೂಳು ತುಂಬಿದ ಕೆರೆಯನ್ನು ಮಟ್ಟ ಮಾಡಿ, ಭದ್ರಾವತಿಯ ಕಾರ್ಖಾನೆ ಒಲೆಗಳ ಬೂದಿಯನ್ನು ಲಾರಿಗಟ್ಟಲೆ ತಂದು ಸುರಿದು ಓಟದ ದಾರಿ ಮಾಡಿದ್ದರು. ಮಳೆ ಬಂದು ಅರ್ಧ ಗಂಟೆಗೆ ನೀರು ಇಂಗಿಹೋಗುತ್ತಿತ್ತು. ಅಲ್ಲಿ ಮಾಡಿದ ಕೆಲಸಗಳಲ್ಲಿ ಕೆಡದೆ ಉಳಿದದ್ದು ಬೂದಿಯೊಂದೇ. ಬೂದಿ ಇನ್ನೆಷ್ಟು ಕೆಟ್ಟೀತು?

ಉಳಿದ ಸೌಲಭ್ಯಗಳನ್ನು ಮೂರ್ತಪ್ಪ ಹೊಸ ಗಿರಾಕಿಗಳಿಗೆ ಪ್ರವಾಸಿ ಗೈಡಿನ ಹಾಗೆ ವಿವರಿಸುತ್ತಿದ್ದ. ಲೈಟಿನ ಕಂಬ ನಾಲ್ಕು. ಎರಡು ಉರಿಯುತ್ತವೆ, ಒಂದರಲ್ಲಿ ಹದ್ದು ಗೂಡು ಕಟ್ಟಿದೆ, ಇನ್ನೊಂದರ ಫ್ಯೂಸು ಯಾರ ಬಳಿ ಇದೆಯೆಂದು ತಿಳಿಯದು. ಜಿಮ್ ಇದೆ, ಅದರ ಬೀಗ ಗಟ್ಟಿಮುಟ್ಟಾಗಿದೆ. ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ದೀಪಾವಳಿಗೆ ಪಟಾಕಿ ಅಂಗಡಿ, ಬೇಸಿಗೆಗೆ ಮಾವಿನಹಣ್ಣಿನ ಮೇಳ, ಚುನಾವಣೆಗೆ ಹೆಲಿಕಾಪ್ಟರ್. ಬೆಳಗ್ಗೆ ವಾಕಿಂಗಿಗೆ ಬರುವ ದೊಡ್ಡ ಮನುಷ್ಯರು ಒಂದು ಸುತ್ತು ನಡೆದು, ಗೇಟಿನ ಹೊರಗೆ ಎರಡು ಪ್ಲೇಟ್ ಪಡ್ಡು ತಿಂದು, ಆರೋಗ್ಯ ಸುಧಾರಿಸಿತು ಎಂದುಕೊಂಡು ಹೋಗುತ್ತಾರೆ. ಮೂರ್ತಪ್ಪನ ಮಳಿಗೆಯೂ ಅಷ್ಟೇ. ಮೇಲಿನ ಮೆಟ್ಟಿಲುಗಳ ಹಾಗೆ ಒಳಗಿನ ಸೂರು ಇಳಿಜಾರು. ಹಿಂದಿನ ಸಾಲಿನ ಶೂ ತೆಗೆಯಲು ಅಂಗಡಿಯ ಯಜಮಾನನೂ ತಲೆ ತಗ್ಗಿಸಲೇಬೇಕು. ಅವನು ಇನ್ನೆಲ್ಲೂ ತಗ್ಗಿಸುತ್ತಿರಲಿಲ್ಲ.

ಈಜುಕೊಳದ ಕಥೆ ಬೇರೆ. ನಕ್ಷೆಯಲ್ಲಿ ಅದು ವಾಯವ್ಯ ಮೂಲೆಗಿತ್ತು. ನೀರು ಈಶಾನ್ಯದಲ್ಲಿರಬೇಕು ಎಂದು ಆಗಿನ ಅಧ್ಯಕ್ಷರಿಗೆ ಅವರ ಜೋಯಿಸರು ಹೇಳಿದರು. ಈಶಾನ್ಯದಲ್ಲಿ ಕಕ್ಕಸು ಕಟ್ಟಿಯಾಗಿತ್ತು. ಎರಡರ ನಡುವೆ ರಾಜಿಯಾಗಿ ಕೊಳವನ್ನು ನಕ್ಷೆಯ ಜಾಗ ಬಿಟ್ಟು ಪೂರ್ವಕ್ಕೆ ಜರುಗಿಸಿ ಕಟ್ಟಿದರು. ಅದರ ಪಂಪ್ ರೂಮು ಸೀದಾ ಓಟದ ದಾರಿಯ ತಿರುವಿಗೆ ಬಂದು ಕೂತಿತು. ಕೊಳ ಜರುಗಿತು, ಕಚೇರಿಯ ನಕ್ಷೆ ಜರುಗಲಿಲ್ಲ. ಅದನ್ನು ತಿದ್ದುವುದು ಯಾರ ಕೆಲಸವೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಆಗ ಗೆರೆ ಎಳೆಯುತ್ತಿದ್ದವನು ಕಲ್ಲಪ್ಪ ಎಂಬ ಮುದುಕ. ಯಾರನ್ನೂ ಕೇಳದೆ ಇಡೀ ಓಟದ ದಾರಿಯನ್ನೇ ನಾಲ್ಕು ಹೆಜ್ಜೆ ದಕ್ಷಿಣಕ್ಕೆ ಸರಿಸಿ, ತಿರುವುಗಳ ಎರಡು ಕೇಂದ್ರಗಳಲ್ಲಿ ಎರಡು ಕಬ್ಬಿಣದ ಗೂಟಗಳನ್ನು ಕಾಂಕ್ರೀಟಿನಲ್ಲಿ ಹೂತುಬಿಟ್ಟ. ಆ ಗೂಟಕ್ಕೆ ತಂತಿ ಸಿಕ್ಕಿಸಿ ಸುತ್ತು ಬಂದರೆ ತಿರುವಿನ ಗೆರೆ ಬೀಳುತ್ತದೆ. ಗೂಟ ತಪ್ಪಿದರೆ ಎಲ್ಲ ತಪ್ಪು.

ಕಲ್ಲಪ್ಪ ಕೆಲಸ ಬಿಡುವ ಮೊದಲು ಆ ವಿದ್ಯೆಯನ್ನು, ಕಸ ಗುಡಿಸಲು ಆ ವರ್ಷವೇ ಸೇರಿದ್ದ ದ್ಯಾಮಮ್ಮನಿಗೆ ಕಲಿಸಿದ. ಯಾಕೆ ಅವಳಿಗೇ ಎಂದರೆ, ಉಳಿದವರು ಹಗ್ಗ ಎಳೆಯುತ್ತಿದ್ದರು, ಇವಳು ಹಿಡಿಯುತ್ತಿದ್ದಳು. ಹಗ್ಗ ಮಳೆಗೆ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ ಎಂದು ಅದನ್ನು ಬಿಟ್ಟು ಎಪ್ಪತ್ತು ಮೀಟರಿನ ಜಿಐ ತಂತಿ ಹಿಡಿದವಳು ಅವಳೇ. ಕ್ರೀಡಾಕೂಟಕ್ಕೆ ಎರಡು ದಿನ ಮುಂಚೆ ಸುಣ್ಣದ ಪುಡಿಯ ಡಬ್ಬಿ ಹಿಡಿದು, ಬಾಗಿದ ಬೆನ್ನು ನೆಟ್ಟಗಾಗದೆ, ಒಬ್ಬೊಬ್ಬ ಓಟಗಾರನಿಗೆ ಒಂದರಂತೆ ಆರು ದಾರಿಯ ಗೆರೆ ಎಳೆದು ಮುಗಿಸುತ್ತಿದ್ದಳು. ಆ ಗೆರೆಯ ಮೇಲೆ ಓಡಿದವರಿಗೆ ಮೂರ್ತಪ್ಪನ ಅಂಗಡಿಯ ಕಪ್ಪು. ಗೆರೆ ಎಳೆದವಳಿಗೆ ಏನೂ ಇಲ್ಲ. ಕಪ್ಪಿನ ಮೇಲೆ ಹೆಸರು ಕೆತ್ತುವಾಗ ಅವನಿಗೆ ಅದು ಹೊಳೆದೂ ಇರಲಿಲ್ಲ.

ಅವನ ಕಣ್ಣಿಗೆ ಬೀಳುತ್ತಿದ್ದದ್ದು ಮೊಳೆ. ಮಳಿಗೆಯ ಬಾಗಿಲ ಚೌಕಟ್ಟಿಗೆ, ಸೊಂಟದ ಎತ್ತರಕ್ಕೆ, ದ್ಯಾಮಮ್ಮ ಒಂದು ಉದ್ದನೆ ಮೊಳೆ ಹೊಡೆದು ತನ್ನ ಊಟದ ಬ್ಯಾಗು ನೇತುಹಾಕುತ್ತಿದ್ದಳು.

“ದ್ಯಾಮಮ್ಮ, ಇದು ಅಂಗಡಿ ಮಾರಾಯ್ತಿ, ನಿಮ್ಮನೆ ಅಡುಗೆಕೋಣೆ ಅಲ್ಲ. ನಿನ್ನ ಒಣಮೀನಿನ ವಾಸ್ನೆಗೆ ಗಿರಾಕಿಗಳೆಲ್ಲ ಓಡಿ ಹೋಗ್ತಾರೆ.”

“ಓಡ್ಲಿ ಬಿಡಿ ಸಾವ್ಕಾರ್ರೆ. ಓಡೋದಕ್ಕೇ ಅಲ್ವಾ ಸ್ಟೇಡಿಯಂ ಕಟ್ಟಿರೋದು? ನಿಮ್ಮ ಶೂ ಹಾಕ್ಕೊಂಡು ಓಡ್ದೋರಿಗಿಂತ ನನ್ನ ಮೀನಿಗೆ ಓಡ್ದೋರೇ ಫಸ್ಟ್ ಬರ್ತಾರೆ.”

“ಅಷ್ಟು ಜಾಗ ಇರೋವಾಗ ನನ್ನ ಬಾಗಿಲೇ ಬೇಕಾ ನಿಂಗೆ?”

“ನಿಮ್ ಬಾಗ್ಲೇ ಬೇಕು. ಇದೊಂದೇ ಅಲ್ಲಾಡದೆ ನಿಂತಿರೋದು.”

ಇದನ್ನು ಅವನು ತಮಾಷೆಯೆಂದೇ ತಿಳಿದ. ಇಪ್ಪತ್ತೆರಡು ವರ್ಷ ಅದೇ ಜಗಳ, ಅದೇ ಉತ್ತರ. ಬ್ಯಾಗು ಮಾತ್ರ ಅಲ್ಲಿಂದ ಕದಲಲಿಲ್ಲ.

ಈ ಸಲ ದಸರಾ ಹೊತ್ತಿಗೆ ದ್ಯಾಮಮ್ಮ ಜ್ವರ ಬಂದು ಹತ್ತು ದಿನ ಭದ್ರಾವತಿಯಲ್ಲೇ ಉಳಿದಳು. ಅದೇ ಹತ್ತು ದಿನದಲ್ಲಿ ಸ್ಟೇಡಿಯಂಗೆ ಒಂದು ದೊಡ್ಡ ಸಭೆ ಬಂತು. ಕ್ರೀಡಾಂಗಣ ಸಮಿತಿಯ ಕಾರ್ಯದರ್ಶಿ ಪ್ರಸನ್ನಕುಮಾರ್ ಪೆಂಡಾಲ್ ಹಾಕಿಸಲು ಜೆಸಿಬಿ ತರಿಸಿದರು. ಜೆಸಿಬಿಯವನಿಗೆ ಮೈದಾನವೂ ಒಂದೇ, ಗದ್ದೆಯೂ ಒಂದೇ. ಹುಲ್ಲು, ಬೂದಿ, ಅಂಚಿನ ಇಟ್ಟಿಗೆ, ಎರಡು ಗೂಟ, ಎಲ್ಲ ಒಂದೇ ಬಕೆಟ್ಟಿನಲ್ಲಿ ಎದ್ದವು. ಗೂಟಗಳು ಗುಜರಿಗೆ ಹೋದವು ಎಂದು ಆಮೇಲೆ ಗೊತ್ತಾಯಿತು. ಎರಡು ಗಂಟೆಯ ಸಭೆಯಲ್ಲಿ ಕ್ರೀಡೆಯ ಮಹತ್ವದ ಬಗ್ಗೆ ಐದು ಭಾಷಣವಾದವು.

ಸಭೆಗೆ ಬರುವವರ ಕಣ್ಣಿಗೆ ಚಂದ ಕಾಣಲೆಂದು ಎಲ್ಲ ಮಳಿಗೆಗಳ ಬಾಗಿಲಿಗೂ ಒಂದೇ ನೀಲಿ ಬಣ್ಣ ಬಳಿಯಬೇಕು ಎಂಬ ಅಪ್ಪಣೆಯಾಯಿತು. ಮೂರ್ತಪ್ಪ ಕಟಿಂಗ್ ಪ್ಲೇಯರ್ ತಂದು ಮೊಳೆಯನ್ನು ಕಿತ್ತ, ತೂತಿಗೆ ಪುಟ್ಟಿ ತುಂಬಿದ, ಮೇಲೆ ಬಣ್ಣ ಬಳಿಸಿದ. ಕೀಳುವಾಗ ಒಂದು ನೆಮ್ಮದಿಯ ನಗೆಯೂ ಬಂತು. ಮೊಳೆಯನ್ನು ಎಸೆಯಲಿಲ್ಲ; ಯಾವ ವ್ಯಾಪಾರಿಯೂ ಕಬ್ಬಿಣ ಎಸೆಯುವುದಿಲ್ಲ. ಗಲ್ಲಾಪೆಟ್ಟಿಗೆಯ ಮೂಲೆಗೆ ಹಾಕಿಟ್ಟ.

ದ್ಯಾಮಮ್ಮ ವಾಪಸು ಬಂದಾಗ ಎಂಟು ಜಿಲ್ಲೆಗಳ ಕಿರಿಯರ ಕ್ರೀಡಾಕೂಟಕ್ಕೆ ಒಂದು ವಾರ ಉಳಿದಿತ್ತು. ಗೇಟಿನೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಮೈದಾನದ ನಡುವೆ ಪ್ರಸನ್ನಕುಮಾರ್ ನಿಂತಿದ್ದರು. ಪಕ್ಕದಲ್ಲಿ ಮೂರು ಕಾಲಿನ ಅಳತೆ ಯಂತ್ರ ಇಟ್ಟುಕೊಂಡ ಶಿವಪ್ರಸಾದ್ ಎಂಬ ಹುಡುಗುಮುಖದ ಎಂಜಿನಿಯರ್, ಕೈಯಲ್ಲಿ ಆ ಹಳೇ ನಕ್ಷೆ. ಗೆರೆ ಎಳೆಯುವ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಡುವ ಮಾತು ಆಗಲೇ ಎದ್ದಿತ್ತು.

“ನಕ್ಷೆ ಪ್ರಕಾರ ಸೆಂಟರು ಇಲ್ಲಿ ಬರುತ್ತೆ ಸಾರ್,” ಎಂದ ಶಿವಪ್ರಸಾದ್.

“ಅಲ್ಲಿ ಗೂಟ ಹೊಡೆದ್ರೆ ಓಡೋ ಮಕ್ಳು ಪಂಪ್ ರೂಮೊಳಗೆ ಹೋಗಿ ಮೋಟ್ರು ಆನ್ ಮಾಡಿ ಬರ್ಬೇಕಾಗುತ್ತೆ,” ಎಂದಳು ಹತ್ತಿರ ಬಂದ ದ್ಯಾಮಮ್ಮ.

ಮಳಿಗೆಗಳಿಂದ ನೋಡಲು ಬಂದಿದ್ದವರು ನಕ್ಕರು. ಪ್ರಸನ್ನಕುಮಾರ್ ನಗಲಿಲ್ಲ. “ಏನಮ್ಮಾ, ನಕ್ಷೆಗಿಂತ ನಿಂಗೆ ಜಾಸ್ತಿ ಗೊತ್ತಾ? ಹಾಗಾದ್ರೆ ಗೂಟ ಎಲ್ಲಿತ್ತು ಅಂತ ತೋರಿಸು. ತೋರಿಸಿದ್ರೆ ಗೆರೆ ನೀನೇ ಎಳಿ. ಇಲ್ದಿದ್ರೆ ಏಜೆನ್ಸಿಯೋರು ಬರ್ತಾರೆ, ನಾಳೆಯಿಂದ ನಿನ್ ಹೆಸರು ಹಾಜರಿ ಪುಸ್ತಕದಲ್ಲಿ ಇರಲ್ಲ.”

“ತೋರಿಸ್ತೀನಿ ಸಾರ್. ಅರ್ಧ ಗಂಟೆ ಕೊಡಿ.”

ಅವಳು ಶೆಡ್ಡಿನಿಂದ ತಂತಿಯ ಸುರುಳಿ ತಂದಳು. ತಂತಿಯ ಮೇಲೆ ಅಲ್ಲಲ್ಲಿ ಕೆಂಪು ದಾರದ ಗಂಟು, ಅಲ್ಲಲ್ಲಿ ತಾಮ್ರದ ಸುತ್ತು. ಗೂಟ ಮಣ್ಣಿನಲ್ಲಿರುವುದರಿಂದ ಎಂದಾದರೂ ಯಾರಾದರೂ ಕೀಳುತ್ತಾರೆ ಎಂದು ಕಲ್ಲಪ್ಪ ಹೇಳಿದ್ದ; ಅದಕ್ಕೆ ಅವಳು ಎರಡು ಕದಲದ ಜಾಗಗಳಿಂದ ಅಳತೆ ಹಿಡಿದಿಟ್ಟುಕೊಂಡಿದ್ದಳು. ಧ್ವಜಕಟ್ಟೆಯ ಕೊಂಡಿಯಿಂದ ಕೆಂಪು ದಾರದವರೆಗೆ ಒಂದು ಸುತ್ತು. ಏಳನೇ ನಂಬರ್ ಅಂಗಡಿಯ ಮೊಳೆಯಿಂದ ತಾಮ್ರದವರೆಗೆ ಇನ್ನೊಂದು. ಎರಡು ಸುತ್ತು ಎಲ್ಲಿ ಕೂಡುತ್ತವೋ ಅಲ್ಲಿ ಗೂಟ. ಇದನ್ನು ಅವಳು ಕೈ ಆಡಿಸಿ ವಿವರಿಸುತ್ತಿದ್ದರೆ ಶಿವಪ್ರಸಾದನ ಹುಬ್ಬು ಮೇಲೇರಿತು. ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದನ್ನು ಸುಣ್ಣದ ಕೈ ಹೇಳುತ್ತಿತ್ತು.

ಮೂರ್ತಪ್ಪನಿಗೆ ಆಗ ಒಂದೊಂದೇ ಅರ್ಥವಾಯಿತು. ಬ್ಯಾಗು ನೇತುಹಾಕಲು ಮೊಳೆಯಲ್ಲ, ಮೊಳೆ ಉಳಿಯಲೆಂದು ಬ್ಯಾಗು. ಉಪಯೋಗದಲ್ಲಿರುವ ಮೊಳೆಯನ್ನು ಯಾರೂ ಕೀಳುವುದಿಲ್ಲ ಎಂಬ ನಂಬಿಕೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ಅವನ ಬೈಗುಳ ತಿಂದಿದ್ದಳು.

ಧ್ವಜಕಟ್ಟೆಯ ಸುತ್ತು ಎಳೆದು ಮುಗಿಸಿ ದ್ಯಾಮಮ್ಮ ತಂತಿಯೊಂದಿಗೆ ಅವನ ಬಾಗಿಲಿಗೆ ಬಂದಳು. ಕೈ ತಾನಾಗಿ ಮೊಳೆಯ ಎತ್ತರಕ್ಕೆ ಹೋಯಿತು. ನುಣುಪು ನೀಲಿ ಬಣ್ಣದ ಮೇಲೆ ಬೆರಳು ಮೇಲೆ ಕೆಳಗೆ ಆಡಿತು. ಹಿಂದೆ ಕಾರ್ಯದರ್ಶಿ, ಎಂಜಿನಿಯರ್, ಪಕ್ಕದ ಮಳಿಗೆಯವರು.

“ಮೂರ್ತಪ್ನೋರೆ, ಇಲ್ಲಿದ್ದ ಮೊಳೆ?”

ಪ್ರಸನ್ನಕುಮಾರರ ಮೇಜಿನ ಮೇಲೆ ಮಳಿಗೆಗಳ ಬಾಡಿಗೆ ಕರಾರಿನ ನವೀಕರಣದ ಅರ್ಜಿಗಳಿದ್ದವು. ಜೆಸಿಬಿ ತರಿಸಿದ್ದು ಅವರು, ಬಣ್ಣ ಬಳಿಸಿದ್ದು ಅವರು. ಮೊಳೆ ಕಿತ್ತದ್ದು ಹೊರಗೆ ಬಂದರೆ ಎಲ್ಲ ತಪ್ಪನ್ನೂ ತಂದು ಆ ಒಂದು ತೂತಿಗೆ ತುರುಕುತ್ತಾರೆ ಎಂದು ಮೂರ್ತಪ್ಪ ಒಂದು ಉಸಿರಿನಲ್ಲಿ ಅಂದಾಜು ಮಾಡಿದ. ಅಂದಾಜು ಮಾಡದಿದ್ದರೂ ಬಾಯಿಗೆ ಬರುತ್ತಿದ್ದದ್ದು ಅದೇ. ಗಿರಾಕಿ ವಾಪಸು ತಂದ ಚೆಂಡನ್ನು ನೋಡುವ ಮುಖ ಮಾಡಿಕೊಂಡು ಹೇಳಿದ:

“ಯಾವ ಮೊಳೆ? ಇಲ್ಲಿ ಮೊಳೆ ಇರ್ಲೇ ಇಲ್ಲ ಸಾರ್. ನೀವೇ ನೋಡಿ, ತೂತು ಏನಾದ್ರೂ ಇದ್ಯಾ?”

ದ್ಯಾಮಮ್ಮ ಅವನನ್ನೇ ನೋಡಿದಳು. “ಹಂಗಾದ್ರೆ ಇಷ್ಟು ವರ್ಷ ನನ್ ಬ್ಯಾಗು ಗಾಳೀಲಿ ನೇತಾಡ್ತಿತ್ತಾ ಸಾವ್ಕಾರ್ರೆ?”

ಎಲ್ಲರೂ ನಕ್ಕರು. ಮೂರ್ತಪ್ಪನೂ ನಕ್ಕ. ಪಕ್ಕದ ಮಳಿಗೆಯವರು ಆ ಬ್ಯಾಗನ್ನು ಅವನಷ್ಟೇ ವರ್ಷ ಕಂಡವರು. ಅವರ ಅರ್ಜಿಗಳೂ ಅದೇ ಮೇಜಿನ ಮೇಲಿದ್ದವು, ಹಾಗಾಗಿ ಅವರಿಗೂ ಏನೂ ನೆನಪಾಗಲಿಲ್ಲ. ಅಂದಾಜಿನ ಮೇಲೆ ಗೆರೆ ಎಳೆ ನೋಡೋಣ ಎಂದು ಶಿವಪ್ರಸಾದ್ ಮೆಲ್ಲಗೆ ಹೇಳಿದ. ಅವಳು ಒಪ್ಪಲಿಲ್ಲ.

“ಅಂದಾಜಲ್ಲಿ ರಂಗೋಲಿ ಹಾಕ್ಬಹುದು ಸಾರ್. ಗೆರೆ ಎಳೆಯಕ್ಕಾಗಲ್ಲ.”

ತಂತಿಯನ್ನು ಸುತ್ತಿ ಮೂರ್ತಪ್ಪನ ಶಟರಿನ ಹಿಡಿಗೆ ಸಿಕ್ಕಿಸಿದಳು. “ನಿಮ್ ಹತ್ರಾನೇ ಇರ್ಲಿ. ನನ್ ಹತ್ರ ಇದ್ರೆ ಇದು ಬರೀ ತಂತಿ.” ಹನ್ನೊಂದರ ಬಸ್ಸಿಗೆ ಹೊರಟುಹೋದಳು.

ಏಜೆನ್ಸಿಯವರು ಟೋಪಿ ಹಾಕಿಕೊಂಡು ಬಂದು ನಕ್ಷೆಯ ಪ್ರಕಾರ ಚಂದವಾಗಿ ಗೆರೆ ಎಳೆದರು. ಆರನೇ ದಾರಿ ತಿರುವಿನಲ್ಲಿ ಪಂಪ್ ರೂಮಿನ ಮೆಟ್ಟಿಲು ಹತ್ತಿತು. ಪ್ರಸನ್ನಕುಮಾರ್ ಐದು ದಾರಿ ಸಾಕು ಎಂದರು. ಐದನೆಯದು ಗೋಡೆಗೆ ಉಜ್ಜಿಕೊಂಡು ಹೋಗುತ್ತಿತ್ತು. ನಾಲ್ಕು ಸಾಕು ಎಂದರು. ಉಳಿದದ್ದನ್ನು ಸರಿದೂಗಿಸಲು ಹೋಗಿ ಏಜೆನ್ಸಿಯವರು ತಿರುವನ್ನು ಒಂದಿಷ್ಟು ಒಳಕ್ಕೆ ಒತ್ತಿದರು. ಕೂಟದ ದಿನ ಹೊರಗಿನಿಂದ ಬಂದ ತೀರ್ಪುಗಾರರು ಟೇಪು ಹಿಡಿದು ಅಳೆದರು. ನಾನೂರು ಮೀಟರಿಗೆ ಏಳು ಮೀಟರು ಕಡಿಮೆ. ಓಟಗಳು ನಡೆದವು, ಚಪ್ಪಾಳೆ ಬಿತ್ತು, ಕಪ್ಪುಗಳು ಹಂಚಿಹೋದವು. ಯಾವ ಓಟದ ಸಮಯವೂ ದಾಖಲೆಗೆ ಸೇರುವುದಿಲ್ಲ ಎಂದು ತೀರ್ಪುಗಾರರು ಬರೆದು ಕೊಟ್ಟು ಹೋದರು. ಎಂಟು ಜಿಲ್ಲೆಯ ಮಕ್ಕಳು ಒಂದು ವರ್ಷ ಬೆವರು ಸುರಿಸಿ ಓಡಿದ್ದು ವಾಕಿಂಗ್ ಆಯಿತು.

ಮರುದಿನ ಬೆಳಗ್ಗೆ ಮೂರ್ತಪ್ಪ ಬೀಗದ ಕೈಯಿಂದ ನೀಲಿ ಬಣ್ಣ ಕೆರೆದ. ಪುಟ್ಟಿ ಉದುರಿತು, ತೂತು ಕಂಡಿತು. ಗಲ್ಲಾಪೆಟ್ಟಿಗೆಯ ಮೊಳೆ ತೆಗೆದು ಇಟ್ಟ. ಮನೆಗೆ ಬಂದ ಮಗನ ಹಾಗೆ ಒಳಹೋಗಿ ಕೂತಿತು. ಅಷ್ಟರಲ್ಲಿ ಪಕ್ಕದ ಮಳಿಗೆಗೆ ಚಹಾ ಕುಡಿಯಲು ಬಂದ ಶಿವಪ್ರಸಾದ್ ಲೋಟ ಹಿಡಿದುಕೊಂಡೇ ಬಗ್ಗಿದ.

“ಅಣ್ಣಾ, ಮೊಳೆ ಇಲ್ಲೇ ಇದೆಯಲ್ಲ!”

“ಹೌದಪ್ಪ. ಬಣ್ಣದಡಿ ಮುಚ್ಚೋಗಿತ್ತು ಅಂತ ಕಾಣುತ್ತೆ,” ಎಂದ ಮೂರ್ತಪ್ಪ. ಒಂದು ಸುಳ್ಳಿಗೆ ಇನ್ನೊಂದು ಉಚಿತ.

ಇಬ್ಬರೂ ತಂತಿ ಹಿಡಿದರು. ದಾರದ ಸುತ್ತೂ ತಾಮ್ರದ ಸುತ್ತೂ ಕೂಡಿದ ಕಡೆ ಒಂದು ಗೇಣು ಅಗೆದರೆ ಕಾಂಕ್ರೀಟಿನ ಗಡ್ಡೆ, ಅದರ ನಡುವೆ ಮುರಿದ ಗೂಟದ ಬುಡ. ಇನ್ನೊಂದು ಕೊನೆಯಲ್ಲೂ ಹಾಗೇ. ಶಿವಪ್ರಸಾದ್ ಯಂತ್ರ ಇಟ್ಟು ಅಳೆದು ನೋಡಿದ. ಸುತ್ತುಗಳು ಕೂಡಿದ ಜಾಗಕ್ಕೂ ಗೂಟದ ಬುಡಕ್ಕೂ ವ್ಯತ್ಯಾಸ ಅವನ ಕಿರುಬೆರಳಿನ ಅಗಲದಷ್ಟಿತ್ತು. “ಈ ಯಮ್ಮ ಸ್ವೀಪರ್ರಾ?” ಎಂದು ಎರಡು ಸಲ ಕೇಳಿದ.

ಸುದ್ದಿ ಕಚೇರಿಗೆ ಮುಟ್ಟಿತು. ಬೇಸಿಗೆಗೆ ರಬ್ಬರಿನ ಹೊಸ ಓಟದ ದಾರಿ ಬರುವುದಿದೆ, ಆ ಕೇಂದ್ರ ಹಿಡಿದು ಗೆರೆ ಎಳೆಯಬಲ್ಲವಳು ಬೇಕು. “ನೀವು ಅವಳಿಗೆ ಬೇಕಾದೋರು, ಹೋಗಿ ಕರ್ಕೊಂಡು ಬನ್ನಿ,” ಎಂದರು ಪ್ರಸನ್ನಕುಮಾರ್.

ಮೂರ್ತಪ್ಪ ಭದ್ರಾವತಿಗೆ ಹೋದ. ಕಾರ್ಖಾನೆ ಲೈನಿನ ಕೊನೆಯ ಮನೆ. ಜಗಲಿಯಲ್ಲಿ ಗೋವಿಂದಯ್ಯ ಬೀಡಿ ಸೇದುತ್ತಿದ್ದ. ಬೆನ್ನು ಬಾಗಿಸಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ದ್ಯಾಮಮ್ಮ ತಲೆ ಎತ್ತಿದಳು.

“ಬನ್ನಿ ಸಾವ್ಕಾರ್ರೆ. ಚಾ ಕುಡಿತೀರಾ? ಮೀನಿನ ವಾಸ್ನೆ ಇರುತ್ತೆ.”

ಅವನು ಕುಡಿದ. ಗೂಟದ ಬುಡ ಸಿಕ್ಕಿದ್ದು, ಎಂಜಿನಿಯರ್ ಹೊಗಳಿದ್ದು, ಕಾರ್ಯದರ್ಶಿ ಕರೆದದ್ದು ಎಲ್ಲ ಹೇಳಿದ. ಹೇಳಬೇಕಾದದ್ದೊಂದನ್ನು ಬಿಟ್ಟು.

“ಮೊಳೆ ನೀವೇ ಕಿತ್ತಿದ್ದು ಅಂತ ನಂಗೆ ಅವತ್ತೇ ಗೊತ್ತಾಯ್ತು,” ಎಂದಳು ಅವಳು, ಕಲ್ಲು ಆರಿಸುತ್ತಲೇ. “ಬಣ್ಣ ಬಳಿಯೋನು ಮೊಳೆ ಮೇಲೇ ಬಳಿದು ಹೋಗ್ತಾನೆ, ಕಿತ್ತು ತೂತು ಮುಚ್ಚೋದು ಅಂಗಡಿ ಮೇಲೆ ಪ್ರೀತಿ ಇರೋನು.”

“ಹಂಗಾದ್ರೆ ಅಲ್ಲೇ ಹೇಳ್ಬಹುದಿತ್ತಲ್ಲ ಮಾರಾಯ್ತಿ?”

“ನಾನು ಯಾಕೆ ಹೇಳ್ಲಿ? ನೀವು ಹೇಳ್ತೀರಾ ಅಂತ ನೋಡ್ತಾ ನಿಂತಿದ್ದೆ.” ಮೊರ ಕೆಳಗಿಟ್ಟಳು. “ಬರೋರು ಹೋಗೋರಿಗೆಲ್ಲ ಬೆಟ್ಟೆ, ರಾಶಿ, ಗೊರಬಲು ಅಂತ ಹೆಸರಿಡ್ತೀರಲ್ಲ, ನಂಗೆ ಕೇಳಿಸಲ್ಲ ಅಂದ್ಕೊಂಡಿದ್ರಾ? ನಿಮ್ದು ಯಾವುದು ಸಾವ್ಕಾರ್ರೆ?”

ಗೋವಿಂದಯ್ಯ ಹೊಗೆಯ ನಡುವೆ ಕೆಮ್ಮಿ ನಕ್ಕ. ಮೂರ್ತಪ್ಪನಿಗೆ ಅಂಗಡಿಯ ಹಿಂದಿನ ಸಾಲಿಗೆ ಹೋದವನಂತೆ ತಲೆ ತಾನಾಗಿ ತಗ್ಗಿತು.

“ನಾನು ಬರ್ತೀನಿ,” ಎಂದಳು ದ್ಯಾಮಮ್ಮ. “ಕೆಲಸ ನನ್ದು, ಬರ್ದೆ ಇನ್ನೇನು? ಆದ್ರೆ ಯಾರ ಮುಂದೆ ನಾನು ಸುಳ್ಳು ಹೇಳೋಳಾದ್ನೋ ಅವರೆಲ್ಲ ಅಲ್ಲಿರ್ಬೇಕು. ನಿಮ್ ಬಾಗ್ಲಲ್ಲೇ. ನೀವು ಬಾಯಿ ಬಿಟ್ಟ ಮೇಲೆ ತಂತಿ ಹಿಡಿತೀನಿ.”

ಇದಾಗಿ ಮೂರು ವಾರವಾಯಿತು. ನವೀಕರಣದ ಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ, ಅದು ಬೀಳಲಿ ಎಂದು ಮೂರ್ತಪ್ಪ ಮೊದಲ ವಾರ ಕಾದ. ಎರಡನೇ ವಾರ ಕಾರ್ಯದರ್ಶಿ ಊರಲ್ಲಿರಲಿಲ್ಲ. ಮೂರನೇ ವಾರಕ್ಕೆ ಅವನ ಬಳಿ ನೆಪಗಳ ದಾಸ್ತಾನು ಮುಗಿಯಿತು. ಮೈದಾನದಲ್ಲಿ ಗೆರೆ ಇಲ್ಲ. ವಾಕಿಂಗಿನವರು ದನಗಳ ಹಾಗೆ ತೋಚಿದ ಕಡೆ ಸುತ್ತುತ್ತಾರೆ. ಬಾಗಿಲ ಮೊಳೆಗೆ ಈಗ ಯಾವ ಬ್ಯಾಗೂ ಇಲ್ಲ. ಪ್ರತಿ ಬೆಳಗ್ಗೆ ಶಟರ್ ಎತ್ತುವಾಗ ಅದು ಅವನ ಅಂಗಿಗೆ ಸಿಕ್ಕಿಕೊಳ್ಳುತ್ತದೆ.

ಸೋಮವಾರ ಸಮಿತಿಯವರೆಲ್ಲ ಹೊಸ ದಾರಿಯ ಜಾಗ ನೋಡಲು ಬರುತ್ತಾರೆ. ಮೊದಲ ಬಸ್ಸಿಗೆ ಬರುವಂತೆ ಮೂರ್ತಪ್ಪ ಭದ್ರಾವತಿಗೆ ಹೇಳಿಕಳಿಸಿದ್ದಾನೆ. ಅವನು ದ್ಯಾಮಮ್ಮನಿಗೆ ಕೊಡಬೇಕಾದದ್ದು ಒಂದೇ ಒಂದು ಮಾತು, ಅದನ್ನು ಅವರೆಲ್ಲರ ಮುಂದೆ ಕೊಡಬೇಕು: ಇಲ್ಲೊಂದು ಮೊಳೆ ಇತ್ತು, ಕಿತ್ತವನು ನಾನು.